ಏನೂ ಸೇರಿಸಬೇಡಿ ಸ್ವಾಮಿ

ಬಾಗಿಲಿಲ್ಲದ, ಟಾಪಿಲ್ಲದ, ಎರಡೇ ಸೀಟಿನ ನನ್ನ ಈ ಹಗುರ ಸ್ಪೋರ್ಟ್ಸ್ ಕಾರಿಗೆ ಏನಾದರೂ ಸೇರಿಸಿ ಅಂತ ಹೇಳದ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ. ಸೊಸೈಟಿಯ ವಾಚ್‌ಮನ್ ಮೇಲೊಂದು ಟಾಪ್ ಹಾಕಿಸಿ ಅನ್ನುತ್ತಾನೆ. ಎದುರು ಫ್ಲಾಟಿನ ಹುಡುಗ ಸ್ಪೀಕರ್ ಹಾಕಿಸಿ ಅಂಕಲ್ ಅನ್ನುತ್ತಾನೆ. ಧಾರವಾಡದಿಂದ ಬಂದಿದ್ದ ಅವ್ವ ಕಾರಿನ ಸುತ್ತ ಒಂದು ಸುತ್ತು ಹಾಕಿ, "ಬಾಗ್ಲನ ಇಲ್ಲಲ್ಲೋ ಇದಕ್ಕ, ಒಂದು ಹಚ್ಚಿಸಿಬಿಡು" ಅಂದಳು. ಹೆಂಡತಿಗೆ ಡಿಕ್ಕಿ ಬೇಕು. ಇಲ್ಲೇ ಪುಣೆಯ ಭೋಸರಿಯಲ್ಲಿ ಲೇತ್ ಮತ್ತು ವೆಲ್ಡಿಂಗ್ ಅಂಗಡಿ ಇಟ್ಟಿರುವ ಕಾಕಾ ಅವರದ್ದು ಎಲ್ಲರಿಗಿಂತ ದೊಡ್ಡ ತಕರಾರು. ಅವರು ಇಂಡಿ ಕಡೆಯವರು, ಪುಣೆಗೆ ಬಂದು ಎಷ್ಟೋ ವರ್ಷ ಆಗಿದೆ, ಮಾತು ಮಾತ್ರ ಇನ್ನೂ ಅಲ್ಲಿಯದೇ. "ಸಾಹೇಬ್ರ, ಇಷ್ಟು ತೆಳ್ಳಗ ಯಾರರ ಮಾಡ್ತಾರೇನ್ರಿ? ಐದು ಎಂಎಂ ಪಟ್ಟಿ ಹೊಡದು ಬಿಡೋಣು, ಮೊಮ್ಮಕ್ಕಳ ಕಾಲಕ್ಕೂ ಅಳ್ಳಾಡಂಗಿಲ್ಲ."

ಅಳ್ಳಾಡುವುದಿಲ್ಲ, ಸರಿ. ಆದರೆ ಹಾಗೆ ಹತ್ತು ಕಡೆ ಹೊಡೆದರೆ ನನ್ನ ಹತ್ತಿರ ಉಳಿಯುವುದು ಬಾಗಿಲಿಲ್ಲದ ಒಂದು ಸಣ್ಣ ಟೆಂಪೋ.

ಇಂಥ ಕಾರಿನ ಮೇಂಟೆನೆನ್ಸ್ ಅಂದರೆ ಎರಡು ಕೆಲಸ. ಸಡಿಲವಾದದ್ದನ್ನು ಬಿಗಿ ಮಾಡುವುದು ಒಂದು. ಬೇಡ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಪಾನಾ, ಅಂದರೆ ಸ್ಪ್ಯಾನರ್ ಸಾಕು. ಎರಡನೆಯದಕ್ಕೆ ಬೇಕಾಗುವುದು ಮೊಂಡುತನ, ಅದೂ ದಿನಾ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನ ಕತೆ ಹೇಳಿಬಿಡುತ್ತೇನೆ. 1957ರಲ್ಲಿ ಇಂಗ್ಲೆಂಡಿನ ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್ ಸೆವೆನ್ ಅನ್ನುವ ಒಂದು ಕಾರು ತಂದರು. ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ತೆಳು ಅಲ್ಯೂಮಿನಿಯಂ ತಗಡು, ಎರಡು ಸೀಟು, ಹೊರಗೆ ಚಾಚಿದ ಮುಂದಿನ ಚಕ್ರಗಳು. ಅಷ್ಟೇ. ತೂಕ ಸುಮಾರು 500 ಕೆಜಿ. ಆಗ ಅಲ್ಲಿ ಹೊಸ ಕಾರು ಕೊಂಡರೆ ಪರ್ಚೇಸ್ ಟ್ಯಾಕ್ಸ್ ಇತ್ತು, ಬಿಡಿಭಾಗವಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಇರಲಿಲ್ಲ. ಹಾಗಾಗಿ ಜನ ಡಬ್ಬಗಳಲ್ಲಿ ಕಾರು ತರಿಸಿಕೊಂಡು ಶೆಡ್ಡಿನಲ್ಲಿ ಕೂತು ಜೋಡಿಸಿದರು. ಜೋಡಿಸುವ ವಿಧಾನ ಬರೆದುಕೊಟ್ಟರೆ ಟ್ಯಾಕ್ಸ್ ಬೀಳುತ್ತದೆ ಅಂತ, ಬಿಚ್ಚುವ ವಿಧಾನ ಬರೆದುಕೊಟ್ಟು ಉಲ್ಟಾ ಓದಿಕೊಳ್ಳಿ ಅಂದರಂತೆ ಅನ್ನುವ ಕತೆಯೂ ಇದೆ. ಕತೆ ಚೆನ್ನಾಗಿದೆ, ನಂಬುವುದು ನಿಮಗೆ ಬಿಟ್ಟದ್ದು. 1973ರಲ್ಲಿ ಅಲ್ಲಿ ವ್ಯಾಟ್ ಬಂತು, ಟ್ಯಾಕ್ಸಿನ ಲಾಭ ಹೋಯಿತು. ಅದೇ ವರ್ಷ ಸೆವೆನ್ ಮಾಡುವ ಹಕ್ಕು ಲೋಟಸ್‌ನಿಂದ ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಅವರು ಇವತ್ತಿಗೂ ಅದನ್ನೇ ಮಾಡುತ್ತಿದ್ದಾರೆ. 2021ರಲ್ಲಿ ಬಂದ ಅವರ ಸೆವೆನ್ 170ಕ್ಕೆ ಸುಝುಕಿಯ 660 ಸಿಸಿ ಟರ್ಬೊ ಇಂಜಿನ್, ತೂಕ 440 ಕೆಜಿ. ಅರವತ್ತು ವರ್ಷ ಕಳೆದರೂ ತೂಕ ಇಳಿಸುವ ಹಟ ಬಿಟ್ಟಿಲ್ಲ ನೋಡಿ. ಅಷ್ಟು ಹೊತ್ತಿಗೆ ಪ್ರಪಂಚದ ಉಳಿದ ಕಾರೆಲ್ಲ ಊದಿಕೊಂಡು ಕೂತಿವೆ.

ನಮ್ಮ ಕಡೆ ಈ ಆಕಾರ ಬಂದದ್ದು ಅಲಿಬಾಗ್ ಮೂಲಕ. ಅಲ್ಲಿ ಚಿಂಕಾರಾ ಅನ್ನುವ ಸಣ್ಣ ಕಂಪನಿ ಸೆವೆನ್ ಮಾದರಿಯ ರೋಡ್‌ಸ್ಟರ್ ಮಾಡಿತು. ಫೈಬರ್ ಬಾಡಿ, ಒಳಗೆ ಇಸುಝುವಿನ 1.8 ಲೀಟರ್ ಇಂಜಿನ್. ಕಾಂಟೆಸ್ಸಾಕ್ಕೂ ಆಮೇಲೆ ಅಂಬಾಸಿಡರ್‌ಗೂ ಬಂದದ್ದು ಇಸುಝು 1.8ನೇ. ಅದಕ್ಕೂ ಮುಂಚೆ, ತೊಂಬತ್ತರ ದಶಕದ ಕೊನೆಗೆ, ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಅನ್ನುವ ಎರಡು ಸೀಟಿನ ಫೈಬರ್ ಕಾರು ತಯಾರಾಗುತ್ತಿತ್ತು, ರೆನೋ ಇಂಜಿನ್ ಇಟ್ಟುಕೊಂಡು. ಅದು ಬಿಡಿಭಾಗ ತಂದು ಮನೆಯಲ್ಲಿ ಜೋಡಿಸುವ ಕಿಟ್ ಕಾರಲ್ಲ, ಆದರೂ ನೆನಪಿಸಿಕೊಳ್ಳಬೇಕು ಅನ್ನಿಸಿತು. ಸಣ್ಣ, ಹಗುರ, ಖುಷಿಗೆ ಮಾತ್ರ ಇರುವ ಕಾರು ಮಾಡೋಣ ಅಂತ ಈ ಕೊಂಕಣದ ಪಟ್ಟಿಯಲ್ಲಿ ಯಾರೋ ಆಗಾಗ ಯೋಚಿಸಿದ್ದಾರಲ್ಲ, ಅದೇ ದೊಡ್ಡದು.

ನನ್ನದು ಇದೇ ಕುಲದ್ದು. ಕೊಳವೆ ಚೌಕಟ್ಟು, ಫೈಬರ್ ಮೂತಿ, ಕಾಂಟೆಸ್ಸಾ ಕಾಲದ ಇಂಜಿನ್. ಹಲವು ಕೈ ದಾಟಿ ಬಂದದ್ದು. ಪ್ರತಿಯೊಬ್ಬ ಹಳೆಯ ಮಾಲೀಕನೂ ಏನೋ ಒಂದು ಸೇರಿಸಿಯೇ ಮುಂದೆ ದಾಟಿಸಿದ್ದ. ಒಬ್ಬ ಕಬ್ಬಿಣದ ಬಂಪರ್, ಒಬ್ಬ ಎರಡನೇ ಹಾರ್ನು, ಇನ್ನೊಬ್ಬ ಯಾವುದೋ ಟ್ರಕ್ಕಿನ ಬ್ಯಾಟರಿ. ತಂದ ಮೇಲೆ ನಾನು ಮಾಡಿದ ಮೊದಲ ರಿಪೇರಿ ಎಂದರೆ ಇವನ್ನೆಲ್ಲ ಬಿಚ್ಚಿ ಗುಜರಿಗೆ ಹಾಕಿದ್ದು. ಆಮೇಲೆ ಭೋಸರಿ ಕೈಗಾರಿಕಾ ಪ್ರದೇಶದ ವಜನಕಾಟಾದ ಮೇಲೆ ನಿಲ್ಲಿಸಿದೆ. ಅಲ್ಲಿ ಲಾರಿ ತೂಗುವವರು ನಕ್ಕರು. ಏಳುನೂರರ ಒಳಗೇ ಬಂತು. ಹಳೆಯ ಮಾರುತಿ 800 ಇದ್ದದ್ದು ಸುಮಾರು 650, ಹಾಗಾಗಿ ಲೋಟಸ್ ಲೆಕ್ಕದಲ್ಲಿ ನನ್ನದು ದಡೂತಿಯೇ. ಆದರೆ ಇವತ್ತು ರಸ್ತೆಯಲ್ಲಿ ಓಡುವ ಸಣ್ಣ ಎಸ್‌ಯುವಿಗಳು 1,100-1,200 ಕೆಜಿ ಇರುತ್ತವೆ. ಅದರ ಮುಂದೆ ಇದೇನೂ ಅಲ್ಲ.

ಹಗುರ ಅಂದರೆ ಏನೇನು ಬದಲಾಗುತ್ತದೆ ಅಂತ ಓಡಿಸಿದಾಗಲೇ ತಿಳಿಯುವುದು. ಬ್ರೇಕಿಗೆ ಬೂಸ್ಟರ್ ಇಲ್ಲ, ಬೇಕಾಗಿಯೂ ಇಲ್ಲ, ಕಾಲಿನ ಬಲ ನೇರವಾಗಿ ಎಣ್ಣೆಯ ಮೂಲಕ ಪ್ಯಾಡಿಗೆ ಹೋಗುತ್ತದೆ. ಸ್ಟೇರಿಂಗಿಗೆ ಪವರ್ ಇಲ್ಲ, ಆದ್ದರಿಂದ ರಸ್ತೆಯಲ್ಲಿ ಬಿದ್ದ ಜಲ್ಲಿಕಲ್ಲಿನ ಗಾತ್ರ ಕೂಡ ಅಂಗೈಗೆ ತಿಳಿಯುತ್ತದೆ. ಟೈರು ಸವೆಯುವುದೇ ಇಲ್ಲ, ಮೇಲಿನ ಗೀರುಗಳು ಸವೆಯುವ ಮೊದಲು ರಬ್ಬರು ಗಟ್ಟಿಯಾಗಿ ಬದಲಿಸಬೇಕಾಗುತ್ತದೆ. ಪಕ್ಕದಲ್ಲಿ ಒಬ್ಬ ದಪ್ಪನೆಯ ಗೆಳೆಯ ಕೂತರೆ ಕಾರಿನ ಒಟ್ಟು ತೂಕದಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಎಡಕ್ಕೆ ಸೇರಿದ ಹಾಗೆ. ಎಡ ತಿರುವು ಒಂದು ಥರ, ಬಲ ತಿರುವು ಇನ್ನೊಂದು ಥರ. ಪೆಟ್ರೋಲ್ ಟ್ಯಾಂಕು ತುಂಬಿದಾಗ ಮತ್ತು ಖಾಲಿಯಾಗುತ್ತಾ ಬಂದಾಗ ಹಿಂಭಾಗದ ನಡತೆ ಬೇರೆ.

ಗಾಳಿಯ ವಿಷಯವಂತೂ ಕೇಳಲೇಬೇಡಿ. ಇಂಥ ಹಗುರ ಕಾರಿಗೆ ಟೈರಿನಲ್ಲಿ 20 ಪಿಎಸ್‌ಐ ಆಚೀಚೆ ಸಾಕು. ಅದಕ್ಕಿಂತ ಜಾಸ್ತಿ ತುಂಬಿದರೆ ಟೈರಿನ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ, ಕಾರು ಕುಣಿಯುತ್ತಾ ಹೋಗುತ್ತದೆ. ಪೆಟ್ರೋಲ್ ಬಂಕಿನ ಹುಡುಗರಿಗೆ ಇದನ್ನು ಹೇಳಿ ಒಪ್ಪಿಸಿ ನೋಡೋಣ. "ವೀಸ್? ಪಂಕ್ಚರ್ ಆಹೇ ಕಾಯ್?" (ಇಪ್ಪತ್ತಾ? ಪಂಕ್ಚರ್ ಆಗಿದೆಯಾ?) ಅಂತ ಕೇಳಿ, ನಾನು ಅತ್ತ ತಿರುಗುವಷ್ಟರಲ್ಲಿ 32 ತುಂಬಿಸಿ ಕೈ ಒರೆಸಿಕೊಂಡಿರುತ್ತಾರೆ. ಪಾಪ, ಅವರ ಲೆಕ್ಕದಲ್ಲಿ ಅದು ಉಪಕಾರ. ಈಗ ಸೈಕಲ್ಲಿನ ಕಾಲುಪಂಪು ಮತ್ತು ಒಂದು ಗೇಜು ಸೀಟಿನ ಹಿಂದೆ ಇಟ್ಟುಕೊಂಡಿದ್ದೇನೆ. ಇದೊಂದು ಮಾತ್ರ ನಾನಾಗಿ ಸೇರಿಸಿದ್ದು.

ಕಾಕಾ ಅವರ ಐದು ಎಂಎಂ ಪಟ್ಟಿಯ ಕತೆಗೆ ಬರುತ್ತೇನೆ, ಏಕೆಂದರೆ ಇಡೀ ವಿಷಯ ಅದರಲ್ಲೇ ಇದೆ. ಸೈಲೆನ್ಸರ್ ಕಾರಿನ ಪಕ್ಕದಲ್ಲಿ ಹೊರಗೇ ಹಾದುಹೋಗುತ್ತದೆ, ಅದನ್ನು ಹಿಡಿದಿದ್ದ ಬ್ರಾಕೆಟ್ ಬಿರುಕು ಬಿಟ್ಟಿತ್ತು. ತೆಳುವಾಗಿತ್ತು, ಮುರಿಯಿತು, ದಪ್ಪ ಹಾಕಿ ಅನ್ನುವುದು ಸಹಜ ಯೋಚನೆ. ಆದರೆ ಬ್ರಾಕೆಟ್ ಮುರಿದದ್ದು ತೆಳುವಾಗಿದ್ದಕ್ಕಲ್ಲ. ಇಂಜಿನ್ ರಬ್ಬರ್ ಮೌಂಟಿನ ಮೇಲೆ ಅಲುಗುತ್ತದೆ, ಸೈಲೆನ್ಸರ್ ಅದರ ಜೊತೆ ಅಲುಗುತ್ತದೆ, ಬಿಸಿಗೆ ಉದ್ದವೂ ಆಗುತ್ತದೆ. ಚೌಕಟ್ಟು ಮಾತ್ರ ಅಲುಗುವುದಿಲ್ಲ. ನಡುವೆ ಇದ್ದ ರಬ್ಬರ್ ಬುಶ್ ಸತ್ತು ಕಲ್ಲಾಗಿತ್ತು. ಅಲ್ಲಿ ಐದು ಎಂಎಂ ಪಟ್ಟಿ ಹೊಡೆದರೆ ಬ್ರಾಕೆಟ್ ಉಳಿಯುತ್ತದೆ ನಿಜ, ಮುಂದಿನ ಬಿರುಕು ಚೌಕಟ್ಟಿನ ಕೊಳವೆಯಲ್ಲೇ ಬರುತ್ತದೆ. ಆ ಕೊಳವೆಯ ಗೋಡೆ ಎರಡು ಎಂಎಂ ಕೂಡ ಇಲ್ಲ. ಬ್ರಾಕೆಟ್ ಹೋದರೆ ನೂರಾರು ರೂಪಾಯಿ, ಚೌಕಟ್ಟು ಹೋದರೆ ಕಾರೇ ಹೋಯಿತು.

ಇದನ್ನು ಕಾಕಾಗೆ ಬಾಯಲ್ಲಿ ಹೇಳಿದರೆ ಆಗಲಿಲ್ಲ. ಇಂಜಿನ್ ಶುರು ಮಾಡಿ, ಸೈಲೆನ್ಸರಿನ ತುದಿಗೆ ಬೆರಳು ತೋರಿಸಿ, ಒಂದು ಸಲ ಆಕ್ಸಿಲರೇಟರ್ ಕೊಟ್ಟೆ. ಅದು ಹೆಬ್ಬೆರಳಿನ ದಪ್ಪದಷ್ಟು ಜಿಗಿಯಿತು. ಅವರು ಸುಮ್ಮನೆ ನೋಡಿದರು, ಬೀಡಿ ಆರಿಸಿದರು, ಮೊದಲಿನಷ್ಟೇ ತೆಳುವಾದ ತಗಡನ್ನೇ ತಗೊಂಡರು. ನಂತರ ಮಾಡಿದ್ದು ನನಗೆ ಹೊಳೆದಿರದ ಕೆಲಸ. ತಗಡಿನ ಎರಡೂ ಅಂಚು ಮಡಚಿ, ಮೂಲೆಯಲ್ಲಿ ತ್ರಿಕೋನದ ಸಣ್ಣ ತುಂಡು ಕೂರಿಸಿ, ನಡುವೆ ಒಂದು ದೊಡ್ಡ ತೂತು ಕೊರೆದರು. ಕೈಯಲ್ಲಿ ತೂಗಿ ನೋಡಿದರೆ ಹಳೆಯದಕ್ಕಿಂತ ಹಗುರ, ಬಗ್ಗಿಸಲು ಹೋದರೆ ಬಗ್ಗುವುದಿಲ್ಲ. "ಕಡಿಮಿ ಹಾಕೂದು ಜಾಸ್ತಿ ಕೆಲಸ ಐತ್ರಿ ಸಾಹೇಬ್ರ" ಅಂದು ಜಾಸ್ತಿ ದುಡ್ಡನ್ನೇ ಕೇಳಿದರು. ಕೊಟ್ಟೆ. ಹೊಸ ಬುಶ್ ಹಾಕಿದ ಮೇಲೆ ಆ ಜಾಗ ಮತ್ತೆ ತಂಟೆ ಮಾಡಿಲ್ಲ.

ಇನ್ನು ಬಿಗಿ ಮಾಡುವ ಕೆಲಸ. ಮಾಮೂಲಿ ಕಾರಿನಲ್ಲಿ ಬೋಲ್ಟುಗಳು ಎಲ್ಲಿವೆ ಅಂತಲೇ ನಮಗೆ ಗೊತ್ತಿರುವುದಿಲ್ಲ. ಇದರಲ್ಲಿ ಎಲ್ಲವೂ ಕಣ್ಣೆದುರಿಗೇ ಇವೆ, ಎಲ್ಲವೂ ನಡುಗುತ್ತವೆ. ಸಸ್ಪೆನ್ಶನ್ನಿನ ಪ್ರತಿ ನಟ್ಟಿನ ಮೇಲೆ ಹಳದಿ ಪೇಂಟಿನ ಒಂದು ಗೆರೆ ಎಳೆದಿದ್ದೇನೆ, ನಟ್ಟಿನಿಂದ ಬ್ರಾಕೆಟ್‌ವರೆಗೆ. ಗೆರೆ ತುಂಡಾಗಿ ಕಂಡರೆ ನಟ್ಟು ತಿರುಗಿದೆ ಅಂತ. ಟಾರ್ಕ್ ರೆಂಚ್ ಹಿಡಿದು ಪ್ರತಿಸಲ ಎಲ್ಲವನ್ನೂ ತಿರುಪುವುದಕ್ಕಿಂತ ಇದು ಒಳ್ಳೆಯದು. ಒಳಗೆ ನೈಲಾನ್ ಉಂಗುರ ಇರುವ ನಟ್ಟನ್ನು ಬಿಚ್ಚಿದರೆ ಮತ್ತೆ ಅದನ್ನೇ ಹಾಕಬಾರದು, ಹೊಸದು ಹಾಕಬೇಕು. ಕೆಲವೇ ರೂಪಾಯಿಯ ಮಾತು, ಜಿಪುಣತನ ತೋರಿಸುವ ಜಾಗ ಅದಲ್ಲ.

ಚೌಕಟ್ಟಿನ ಬಿರುಕು ಹುಡುಕುವುದಕ್ಕೆ ನಾನು ಮಾಡುವುದು ಹಳೆಯ ರೈಲ್ವೆ ವಿದ್ಯೆ. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಇದ್ದವರು. ಅಚ್ಚು, ಚಕ್ರಗಳಲ್ಲಿ ಕಣ್ಣಿಗೆ ಕಾಣದ ಸೀಳು ಇದೆಯಾ ಅಂತ ನೋಡಲು ಹಿಂದೆ ಎಣ್ಣೆ ಮತ್ತು ಸುಣ್ಣದ ಪುಡಿ ಬಳಸುತ್ತಿದ್ದರಂತೆ. ವೆಲ್ಡಿಂಗ್ ಜಾಗವನ್ನು ಚೆನ್ನಾಗಿ ತೊಳೆದು, ಸೀಮೆಎಣ್ಣೆ ಸವರಿ, ಅದು ಒಳಗೆ ಇಳಿಯುವವರೆಗೂ ಕಾದು, ಬಟ್ಟೆಯಲ್ಲಿ ಒಣಗುವ ಹಾಗೆ ಒರೆಸಬೇಕು. ಮೇಲೆ ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ತೆಳ್ಳಗೆ ಬಳಿದು ಬಿಡಬೇಕು. ಸೀಳು ಇದ್ದರೆ ಒಳಗಿನ ಎಣ್ಣೆ ಹೊರಗೆ ಬಂದು ಬಿಳಿಯ ಮೇಲೆ ಕಪ್ಪು ಕೂದಲಿನಂತೆ ಗೆರೆ ಮೂಡುತ್ತದೆ. ಈಗ ಪುಣೆಯಲ್ಲಿ ಸೀಮೆಎಣ್ಣೆ ಸಿಗುವುದು ಕಷ್ಟ, ಡೀಸೆಲ್ಲಿನಲ್ಲಿ ಮಾಡುತ್ತೇನೆ. ಇದಕ್ಕೇ ಅಂತ ಮೂರು ಸ್ಪ್ರೇ ಡಬ್ಬಿಗಳ ಸೆಟ್ ಬರುತ್ತದೆ, ಗೊತ್ತು. ಅಪ್ಪನ ವಿಧಾನವೇ ನನಗೆ ಖುಷಿ.

ತುಕ್ಕಿನದ್ದು ಬೇರೆಯೇ ಗೋಳು. ಕೊಳವೆ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗಿನ ಬಣ್ಣ ಮದುಮಗನ ಹಾಗೆ ಹೊಳೆಯುತ್ತಾ ಇರುತ್ತದೆ. ಉಕ್ಕಿಗೆ ಅಲ್ಯೂಮಿನಿಯಂ ತಗಡು ತಾಗಿದ ಕಡೆ, ನಡುವೆ ನೀರು ನಿಂತರೆ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಎರಡು ಲೋಹ, ನಡುವೆ ಒದ್ದೆ, ಅಂದರೆ ಒಂದು ಸಣ್ಣ ಬ್ಯಾಟರಿಯೇ ಆಯಿತು. ಹಾಗಾಗಿ ತಗಡು ಬಿಚ್ಚಿದಾಗಲೆಲ್ಲ ನಡುವೆ ಪ್ರೈಮರ್, ಅದರ ಮೇಲೆ ತೆಳ್ಳಗೆ ಸೀಲೆಂಟ್. ಒಬ್ಬ ಗ್ಯಾರೇಜಿನವ ಕೆಳಗೆ ಪೂರ್ತಿ ಡಾಂಬರಿನಂಥ ಕೋಟಿಂಗ್ ಹೊಡೆದುಕೊಡುತ್ತೇನೆ ಅಂದಿದ್ದ. ಅದು ಕೆಜಿಗಟ್ಟಲೆ ತೂಕ, ಮೇಲಾಗಿ ಅದರ ಹಿಂದೆ ಏನು ಕೊಳೆಯುತ್ತಿದೆ ಅಂತ ಕಾಣುವುದೂ ಇಲ್ಲ. ಬೇಡ ಅಂದೆ. ಮತ್ತೆ ನೋಡಿ, ಅದೇ ಮಾತು.

ಜೂನ್ ಮೊದಲ ವಾರದಿಂದ ಸೆಪ್ಟೆಂಬರ್‌ವರೆಗೆ ಕಾರು ಹೊರಗೆ ಬರುವುದಿಲ್ಲ. ತಾಮ್ಹಿಣಿ ಘಾಟಿನ ಮಳೆ ನೋಡಿದವರಿಗೆ ಯಾಕೆ ಅಂತ ಕೇಳುವ ಅಗತ್ಯ ಇಲ್ಲ. ನಿಲ್ಲಿಸುವ ಮೊದಲು ಮಾಡುವ ಮುಖ್ಯ ಕೆಲಸ ಪೆಟ್ರೋಲ್ ಖಾಲಿ ಮಾಡುವುದು. ಈಗ ಬಂಕಿನಲ್ಲಿ ಬರುವುದು ಇ20, ಅಂದರೆ ನೂರರಲ್ಲಿ 20 ಪಾಲು ಎಥನಾಲ್. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ನೀರು ಜಾಸ್ತಿಯಾದರೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಕಾರ್ಬ್ಯುರೇಟರಿನ ಬಟ್ಟಲಲ್ಲಿ ಅದು ನಾಲ್ಕು ತಿಂಗಳು ನಿಂತರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳ ಗತಿ ಮುಗಿಯಿತು. ಹಳೆಯ ರಬ್ಬರ್ ಪೈಪುಗಳೂ ಮೆತ್ತಗಾಗಿ ಒಳಗೆ ಉದುರುತ್ತವೆ. ಎಥನಾಲ್ ತಡೆಯುವ ಪೈಪು ಸಿಗುತ್ತದೆ, ದುಬಾರಿ, ಹಾಕಿಸಲೇಬೇಕು. ಬಿಸಿ ಸೈಲೆನ್ಸರಿನಿಂದ ಗೇಣು ದೂರದಲ್ಲಿ ಪೆಟ್ರೋಲ್ ಸೋರುವುದನ್ನು ಯೋಚಿಸಿದರೆ ಆ ದುಡ್ಡು ದುಡ್ಡೇ ಅಲ್ಲ. ಬ್ರೇಕ್ ಎಣ್ಣೆಯದ್ದೂ ಇದೇ ಗುಣ, ಡಾಟ್ 4 ದರ್ಜೆಯ ಎಣ್ಣೆ ಕೂಡ ತೇವ ಹೀರುತ್ತದೆ, ಅದರ ಕುದಿಬಿಂದು ಇಳಿಯುತ್ತದೆ. ಮಳೆ ಮುಗಿದ ಮೇಲೆ ಅದನ್ನು ಬದಲಿಸಿಯೇ ಘಾಟು ಇಳಿಯುವುದು.

ಫೈಬರ್ ಮೂತಿಯ ಮೇಲೆ ನಕ್ಷತ್ರದಂಥ ಸಣ್ಣ ಬಿರುಕುಗಳು ಬರುತ್ತವೆ. ಬಹಳಷ್ಟು ಸಲ ಅವು ಜೆಲ್‌ಕೋಟ್ ಅನ್ನುವ ಮೇಲಿನ ನುಣುಪು ಪದರದವು, ಒಳಗಿನ ಫೈಬರ್ ಮ್ಯಾಟಿಗೆ ಏನೂ ಆಗಿರುವುದಿಲ್ಲ. ಇದರ ರಿಪೇರಿಗೆ ಪುಣೆಯಂಥ ಊರು ಇನ್ನೊಂದಿಲ್ಲ, ಗಣಪತಿ ಮಂಡಳಗಳಿಗೆ ಮಂಟಪ, ಕಂಬ, ಆನೆ, ಹಂಸ ಎಲ್ಲ ಫೈಬರಿನಲ್ಲಿ ಮಾಡಿಕೊಡುವ ಕೈಗಳು ಇಲ್ಲಿ ಇವೆ. ನನ್ನ ಕಾರಿನ ಮೂತಿಗೆ ರೆಸಿನ್ ಹಚ್ಚುವವರೂ ಅಂಥ ಒಬ್ಬರು. ಆದರೆ ಅನಂತ ಚತುರ್ದಶಿ ಮುಗಿಯುವವರೆಗೆ ಅವರು ಫೋನೇ ಎತ್ತುವುದಿಲ್ಲ. ಎತ್ತಿದರೂ ಪ್ರಯೋಜನ ಇಲ್ಲ, ಮಳೆಗಾಲದ ತೇವದಲ್ಲಿ ರೆಸಿನ್ ಸರಿಯಾಗಿ ಗಟ್ಟಿಯಾಗದೆ ಅಂಟಂಟು ಉಳಿಯುತ್ತದೆ. ಅವರೂ ಸೇರಿಸುವವರೇ ಅನ್ನಿ. "ಸಮೋರ್ ಏಕ್ ವಾಘಾಚಂ ತೋಂಡ್ ಕರೂ ಯಾ" ಅಂತ ಪ್ರತಿ ವರ್ಷ ಕೇಳುತ್ತಾರೆ. ಹುಲಿಯ ಮುಖ ಇಟ್ಟುಕೊಂಡು ಕೊಥ್ರೂಡಿನಲ್ಲಿ ಹೋಗುವುದನ್ನು ನೆನೆಸಿಕೊಂಡರೆ ನಗು ಬರುತ್ತದೆ, ಒಂದೊಂದು ಸಲ ಆಸೆಯೂ ಆಗುತ್ತದೆ.

ಇಷ್ಟೆಲ್ಲ ಯಾಕೆ ಅಂತ ಕೇಳುವವರನ್ನು ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಬೆಳಕು ಹರಿಯುವ ಮೊದಲು ಚಾಂದಣಿ ಚೌಕ ದಾಟಬೇಕು, ಭೂಗಾವ್, ಪಿರಂಗುಟ್ ಏಳುವ ಮುಂಚೆ ಹಾದುಹೋಗಬೇಕು. ಪೌಡ್ ಕಳೆದ ಮೇಲೆ ಮುಳಶಿಯ ನೀರು ಒಂದು ಕಡೆ, ಆಮೇಲೆ ತಾಮ್ಹಿಣಿಯ ತಿರುವುಗಳು. ನೆಲದಿಂದ ಒಂದು ಮೊಳ ಮೇಲೆ ಕೂತಿರುತ್ತೀರಿ. ಮೊಣಕೈ ಹೊರಗೆ ಚಾಚಿದರೆ ರಸ್ತೆ ಮುಟ್ಟಬಹುದು ಅನ್ನಿಸುತ್ತದೆ. ಸ್ಪೀಡೋಮೀಟರ್ 60 ತೋರಿಸುತ್ತಿರುತ್ತದೆ, ಮೈಗೆ ಮಾತ್ರ 120 ಅನ್ನಿಸುತ್ತದೆ, ಹಾಗಾಗಿ ಕಾನೂನಿನ ಒಳಗೇ ಇದ್ದು ಪೂರ್ತಿ ಖುಷಿ ಪಡಬಹುದು. ಸ್ಪೋರ್ಟ್ಸ್ ಕಾರು ಅಂದರೆ ವೇಗ ಅಂದುಕೊಂಡವರಿಗೆ ಇದು ಅರ್ಥವಾಗುವುದಿಲ್ಲ. ಹಳ್ಳಿ ಹತ್ತಿರ ಬಂದರೆ ಸಗಣಿ ಉರಿಯ ಹೊಗೆ, ಹೊಲದ ಒದ್ದೆ ಮಣ್ಣು, ಯಾರದೋ ಮನೆಯ ಚಹಾ, ಒಂದೊಂದೂ ಬೇರೆ ಬೇರೆಯಾಗಿ ಮೂಗಿಗೆ ಬರುತ್ತದೆ. ತಗ್ಗಿನಲ್ಲಿ ಇಳಿದರೆ ಗಾಳಿ ತಟ್ಟನೆ ತಣ್ಣಗೆ, ಏರಿದರೆ ಬೆಚ್ಚಗೆ. ಇದೆಲ್ಲ ಕಿಟಕಿ ಮುಚ್ಚಿದ ಕಾರಿನಲ್ಲೂ ಹೊರಗೆ ಇದ್ದೇ ಇರುತ್ತದೆ ಅಲ್ವಾ, ನಮಗೆ ತಿಳಿಯುವುದಿಲ್ಲ ಅಷ್ಟೆ.

ಭಯವೂ ಇದೆ. ಟ್ರಕ್ಕಿನ ಪಕ್ಕ ನಿಂತರೆ ಅದರ ಚಕ್ರದ ನಟ್ಟುಗಳು ನನ್ನ ಕಣ್ಣಿನ ಮಟ್ಟಕ್ಕೆ ಇರುತ್ತವೆ. ಡ್ರೈವರಿಗೆ ನಾನು ಕಾಣುತ್ತಿಲ್ಲ ಅಂತಲೇ ಲೆಕ್ಕ ಹಾಕಿ ಓಡಿಸುತ್ತೇನೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹೆದ್ದಾರಿ, ರಾತ್ರಿ, ಮಳೆ, ಈ ಮೂರಕ್ಕೂ ಇದನ್ನು ತರುವುದಿಲ್ಲ. ಸುರಕ್ಷತೆಗೆ ಬಂದರೆ ಮಾತ್ರ ನಾನು ತೂಕದ ಲೆಕ್ಕ ನೋಡುವುದಿಲ್ಲ. ಕಾರು ಮಗುಚಿದರೆ ತಲೆ ಕಾಯುವ ರೋಲ್ ಬಾರ್ ಭಾರವಾಗಿಯೇ ಇದೆ, ಇರಲಿ.

ಇನ್ನು ಸ್ಪೀಡ್‌ಬ್ರೇಕರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ದುಂಡನೆಯ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಅಷ್ಟೇ ಇದ್ದರೆ ನನ್ನ ಕಾರು ಆರಾಮಾಗಿ ದಾಟುತ್ತದೆ. ನಮ್ಮ ಗಲ್ಲಿಗಳಲ್ಲಿ ಇರುವುದು ರಾತ್ರೋರಾತ್ರಿ ಹುಟ್ಟಿಕೊಂಡ ಗೋಡೆಗಳು. ಅವನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಬೇಕು. ಹಿಂದಿನ ರಿಕ್ಷಾದವರು ಆಗ ಹೇಳುವ ಮರಾಠಿ ಇಲ್ಲಿ ಬರೆಯುವಂಥದ್ದಲ್ಲ.

ಕೊನೆಗೆ, ಇಂಥದ್ದೊಂದು ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ, ತಗೊಳ್ಳಲಾ ಅಂತ ಕೇಳುವವರಿಗೆ. ಮೊದಲು ಕಾಗದ ನೋಡಿ. ಮನೆಯಲ್ಲಿ ಜೋಡಿಸಿದ ಕಾರನ್ನು ಇಂಗ್ಲೆಂಡಿನ ಹಾಗೆ ಇಲ್ಲಿ ಸಲೀಸಾಗಿ ರಿಜಿಸ್ಟರ್ ಮಾಡಿಸಲು ಆಗುವುದಿಲ್ಲ. ತಯಾರಕರ ಮಾದರಿಗೆ ನಮ್ಮ ಪುಣೆಯ ಎಆರ್‌ಎಐಯಂಥ ಸಂಸ್ಥೆಯ ಪರೀಕ್ಷೆ, ಒಪ್ಪಿಗೆ ಬೇಕು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆರ್‌ಸಿಯಲ್ಲಿ ಬರೆದ ಇಂಜಿನ್ ನಂಬರ್, ಚಾಸಿ ನಂಬರ್, ಸೀಟು, ಬಾಡಿ ಮಾದರಿ ಎಲ್ಲವೂ ಎದುರಿಗೆ ನಿಂತ ಕಾರಿಗೆ ತಾಳೆಯಾಗಬೇಕು. 15 ವರ್ಷ ದಾಟಿದ್ದರೆ ಐದು ವರ್ಷದ ರಿನ್ಯೂವಲ್ ಆಗಿದೆಯಾ, ಗ್ರೀನ್ ಟ್ಯಾಕ್ಸ್ ಕಟ್ಟಿದ್ದಾರಾ ನೋಡಿ. ಕಾಗದ ಇಲ್ಲದ ಕಾರು ಎಷ್ಟು ಅಗ್ಗ ಸಿಕ್ಕರೂ ಸುಮ್ನೆ ಕೈ ಮುಗಿದು ಬನ್ನಿ.

ಆಮೇಲೆ ಚೌಕಟ್ಟು. ಹೊಸದಾಗಿ ಬಣ್ಣ ಹೊಡೆದಿದ್ದರೆ ಅನುಮಾನ ಪಡಿ, ಸೀಟು ಬಿಚ್ಚಿಸಿ ಕೆಳಗಿನ ಕೊಳವೆಗಳ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳಿ. ಟಣ್ ಅನ್ನಬೇಕು, ದಬ್ ಅನ್ನಬಾರದು. ದಪ್ಪ ಪಟ್ಟಿಗಳನ್ನು ತಂದು ಬೆಸೆದಿರುವುದು ಕಂಡರೆ ಅದರ ಹಿಂದೆ ಏನು ಮುರಿದಿತ್ತು ಅಂತ ಕೇಳಿ, ಉತ್ತರ ತಡವರಿಸಿದರೆ ಬೆಲೆ ಇಳಿಸಿ ಅಥವಾ ಹೊರಡಿ. ಇಂಜಿನ್ ಕೊನೆಗೆ ನೋಡಿದರೂ ನಡೆಯುತ್ತದೆ. ಇಸುಝುವಿನ ಸಾಮಾನು ನಾನಾ ಪೇಟೆಯಲ್ಲಿ ಕೇಳಿದರೆ ಇನ್ನೂ ಹೊರಬರುತ್ತದೆ, ಅಲ್ಲಿ ಇಲ್ಲದಿದ್ದರೆ ಬುಧವಾರ ಅಥವಾ ಭಾನುವಾರ ಜೂನಾ ಬಝಾರ್ ಸುತ್ತಿ, ಅಲ್ಲೂ ಇಲ್ಲದಿದ್ದರೆ ಮುಂಬೈನ ಕುರ್ಲಾಕ್ಕೆ ಒಂದು ದಿನ ಹಾಕಿ. ಕಾರ್ಬ್ಯುರೇಟರ್ ಕಿಟ್ ಸಿಕ್ಕರೆ ಎರಡು ತನ್ನಿ, ಒಂದು ನನಗೂ ಬೇಕಾಗಿದೆ.